ಗೆದ್ದ ಹೋರಿಯ ಝೂಲ

ವಿಜ್ಞಾನಕ್ಕೆ ನಾನು ಸಲ್ಲಿಸಿದ ಸೇವೆ ಇಷ್ಟೇ: ದನದ ಬಾಲ ಹಿಡಿದಿದ್ದೇನೆ. ಪ್ರಾಣಿಗಳ ರೋಗ ಅಧ್ಯಯನ ಮಾಡುವ ಒಂದು ಸಂಸ್ಥೆಯ ಜೀಪಿಗೆ ಗುತ್ತಿಗೆ ಡ್ರೈವರ್ ಆಗಿ ಸೇರಿದವನು ನಾನು, ಅಕ್ಕಿಆಲೂರಿನ ಅಂಬರೀಶ. ಕರಾರಿನಲ್ಲಿ ಬಾಲದ ಮಾತೇ ಇರಲಿಲ್ಲ. ಊರಲ್ಲಿ ಮಾತ್ರ 'ವೈರಸ್ ಡಿಪಾರ್ಟ್‌ಮೆಂಟಿನಾಗ ಅದೇನಿ' ಎಂದು ಹೇಳಿಕೊಂಡು ತಿರುಗಿದೆ. ಕೊರೊನಾ ಮುಗಿದ ಹೊಸತು. ಆ ಮಾತು ಕೇಳಿದ ಕೂಡಲೇ ಚಹಾದಂಗಡಿಯ ಜನ ಸ್ವಲ್ಪ ಹಿಂದೆ ಸರಿಯುತ್ತಿದ್ದರು. ನಾನು ಅದನ್ನು ಗೌರವ ಎಂದುಕೊಂಡೆ.

ಮೊದಲ ದಿನ ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು ಹೋದೆ. ಎದೆಯ ಮೇಲೆ ನಮ್ಮೂರ ಹೋರಿ 'ಚಂಡಮಾರುತ'ದ ಚಿತ್ರ, ಕೆಳಗೆ 'ಅಭಿಮಾನಿ ಬಳಗ' ಎಂಬ ಅಕ್ಷರ. ನಮ್ಮ ಕಡೆ ದೀಪಾವಳಿ ಬಂತೆಂದರೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿಯನ್ನು ಜನರ ನಡುವೆ ಓಡಲು ಬಿಡುತ್ತಾರೆ. ಹಿಡಿದು ಕೊಬ್ಬರಿ ಹರಿದುಕೊಂಡವನು ಗಂಡಸು, ಯಾರ ಕೈಗೂ ಸಿಗದೆ ಓಡಿದ ಹೋರಿ ದೇವರು. ಈ ಎರಡರಲ್ಲಿ ಯಾವುದೂ ಆಗಲಾರದವರು ಅಂಗಿಯ ಮೇಲೆ ಚಿತ್ರ ಹಾಕಿಸಿಕೊಳ್ಳುತ್ತೇವೆ.

ಜೀಪಿನ ಹತ್ತಿರ ನಿಂತಿದ್ದ ಹೆಂಗಸು ನನ್ನ ಮುಖ ನೋಡಲಿಲ್ಲ, ಎದೆ ನೋಡಿದರು.

"ಎದಿ ಮ್ಯಾಲಿನ ಹೋರಿಗೆ ಲಸಿಕಿ ಆಗೇತೇನಪಾ?"

"ಇಲ್ಲರಿ ಮೇಡಂ. ಅದು ಚಾಂಪಿಯನ್ನರಿ."

"ಹಂಗಾದ್ರ ವೈರಸ್ಸು ಹೆದರಿ ಓಡಿ ಹೋಗತೈತಿ ಬಿಡು. ಗಾಡಿ ತಗಿ."

ಅವರೇ ಡಾ. ಸುಜಾತಾ. ವೈರಸ್ ವಿಜ್ಞಾನಿ ಎಂದರೆ ಚಂದ್ರನ ಮೇಲೆ ಇಳಿದವರಂತೆ ಬಿಳಿ ಉಡುಪು ಹಾಕಿಕೊಂಡು ಗಾಜಿನ ಹಿಂದೆ ಇರುತ್ತಾರೆ ಎಂದು ನಾನು ತಿಳಿದಿದ್ದೆ. ಇವರ ಕಾಲಲ್ಲಿ ರಬ್ಬರ್ ಬೂಟು, ಬೂಟಿನ ಮೇಲೆ ನಿನ್ನೆಯ ಸಗಣಿ. ಹೆಗಲಿಗೆ ಐಸ್ ತುಂಬಿದ ಡಬ್ಬಿ. ರೋಗದ ದನದ ರಕ್ತ, ಆಡಿನ ಮೂಗಿನ ಸಿಂಬಳ ಎಲ್ಲ ಅದರಲ್ಲೇ ಹೋಗಬೇಕು. ಆ ಡಬ್ಬಿಯಲ್ಲಿ ನನ್ನ ನೀರಿನ ಬಾಟಲಿ ತಂಪಿಗಿಟ್ಟ ದಿನ ಅವರು ನನಗೆ ಬೈಯಲಿಲ್ಲ. "ಕುಡಿ, ಕುಡಿ. ನಾಳಿ ನಿಂದೂ ಸ್ಯಾಂಪಲ್ ತಗೊಂತೇನಿ" ಎಂದರು.

ಮೇಡಂ ಹುಟ್ಟಿದ್ದು ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಲ್ಲಿ. ಅಪ್ಪ ಅವ್ವ ಬೇಗ ತೀರಿಕೊಂಡಿದ್ದರಿಂದ ಅವರನ್ನೂ ತಮ್ಮ ಮಾಲತೇಶನನ್ನೂ ಸಾಕಿದ್ದು ಅಜ್ಜಿ ಕರೆವ್ವ. ಎಲ್ಲರೂ ಕರೆಯುವುದು ಆಯಿ ಎಂದು. ಹಿಂದೆ ಊರಲ್ಲಿ ದನ ಸತ್ತರೆ ಎಳೆದೊಯ್ಯುವ ಕೆಲಸ ಇವರ ಓಣಿಯದು. ಬಂದು ಕೇಳುವ ಪದ್ಧತಿಯೂ ಇಲ್ಲ. ಓಣಿಯ ತುದಿಯಲ್ಲಿ ನಿಂತು ಕೂಗಿದರೆ ಮುಗಿಯಿತು. ಮನೆಯ ಗೋಡೆಗೆ ಬುದ್ಧನ ಫೋಟೋ, ಅಂಬೇಡ್ಕರರ ಫೋಟೋ ಬಂದ ಮೇಲೆ ಅಜ್ಜ ಒಂದು ದಿನ ಚಾವಡಿಗೆ ಹೋಗಿ, "ಇನ್ನ ಮ್ಯಾಲೆ ನಿಮ್ಮ ದನ ನೀವ ಎಳಕೋರಿ" ಎಂದು ಹೇಳಿ ಬಂದನಂತೆ. ಆಮೇಲೆ ಬಹಳ ದಿನ ಅವರಿಗೆ ಊರಲ್ಲಿ ಕೂಲಿಯಿಲ್ಲ, ಅಂಗಡಿಯಲ್ಲಿ ಎಣ್ಣೆಯಿಲ್ಲ. ಆದರೂ ಅಜ್ಜ ಹಗ್ಗ ಮುಟ್ಟಲಿಲ್ಲ.

ಅಂಥ ಮನೆಯ ಮೊಮ್ಮಗಳು ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತು ಎಂದು ಪೇಡೆ ತಂದಾಗ ಆಯಿ ಪೇಡೆ ಮುಟ್ಟಲಿಲ್ಲ.

"ನಿಮ್ಮ ಮುತ್ಯಾ ದನ ಬಿಡಾಕ ಊರ ಕೂಡ ಜಗಳಾಡಿದ. ನೀ ಪರೀಕ್ಷಿ ಬರದು ಹೊಳ್ಳಿ ದನದ ಕಡೆ ಹೊಂಟಿ. ಚಂದ ಓದಿದಿ ಯವ್ವಾ."

ಊರ ಕಟ್ಟೆಯ ಮೇಲಿನ ಜಾಣರಿಗೂ ಇದು ಬಹಳ ದಿನ ನಗುವಿನ ಸರಕಾಯಿತು. "ಅಜ್ಜ ಸತ್ತ ದನ ಒಯ್ತಿದ್ದ, ಮೊಮ್ಮಗಳು ಜೀವಂತ ದನದ ಮೂಗು ಒರಸ್ತಾಳ." ಮೇಡಂ ನಿಂತು ಉತ್ತರ ಕೊಟ್ಟೇ ಮುಂದೆ ಹೋಗುತ್ತಿದ್ದರು. "ಹೌದ್ರಿ ಕಾಕಾ. ನಿಮ್ಮದೂ ಸೋರಾಕತ್ತೇತಿ, ಒರಸ್ಲೇನು?"

ಸಂಸ್ಥೆಯಲ್ಲಿ ಕಟ್ಟೆ ಇರಲಿಲ್ಲ, ಎ.ಸಿ. ಕೋಣೆ ಇತ್ತು. ಅಷ್ಟೇ ವ್ಯತ್ಯಾಸ. ನಮ್ಮ ನಿರ್ದೇಶಕರು ಪ್ರಾಣಿಗಳ ವೈರಸ್ ಬಗ್ಗೆ ಜಗತ್ತೆಲ್ಲ ಸುತ್ತಿ ಭಾಷಣ ಮಾಡಿದವರು. ಎಮ್ಮೆ ಎದುರು ಬಂದರೆ ಕಾರಿನ ಗಾಜು ಏರಿಸುತ್ತಿದ್ದರು. ಮೇಡಂ ಸವಣೂರು ಸುತ್ತಮುತ್ತ ಆಡುಗಳ ಮೂಗಿನ ಸಿಂಬಳ ವರ್ಷಗಟ್ಟಲೆ ಕೂಡಿಸಿ, ಆಡುಗಳನ್ನು ಹಿಂಡು ಹಿಂಡಾಗಿ ಕೊಲ್ಲುವ ಒಂದು ವೈರಸ್ಸು ಯಾವ ತಿಂಗಳು ಎಲ್ಲಿ ಅಡಗಿರುತ್ತದೆ ಎಂದು ಹುಡುಕುತ್ತಿದ್ದರು. ಎಲ್ಲ ಫ್ರೀಜರಿನಲ್ಲಿತ್ತು. ಹೊಸ ಪ್ರಯೋಗಾಲಯದ ಉದ್ಘಾಟನೆಗೆ ಮಂತ್ರಿಗಳು ಬಂದ ದಿನ ಮೈಕಿನವನಿಗೆ ಪ್ಲಗ್ ಸಾಲಲಿಲ್ಲ. ಫ್ರೀಜರಿನದು ಕಿತ್ತು ಕೊಟ್ಟರು. 'ವಿಜ್ಞಾನವೇ ರೈತನ ಬೆಳಕು' ಎಂಬ ಭಾಷಣ ಮುಗಿಯುವಷ್ಟರಲ್ಲಿ ರೈತನ ಆಡಿನ ಸಿಂಬಳವೆಲ್ಲ ನೀರಾಗಿತ್ತು. ತಪ್ಪಿಗೆ ನೋಟಿಸ್ ಬಂದದ್ದು ಮೇಡಂಗೆ. ಫ್ರೀಜರಿನ ಮೇಲೆ 'ಪ್ಲಗ್ ಕೀಳಬಾರದು' ಎಂದು ಬರೆದು ಅಂಟಿಸಿರಲಿಲ್ಲವಂತೆ.

ಅವರು ಮತ್ತೆ ಸವಣೂರಿಗೆ ಹೊರಟರು. ಆಡು ಸಾಕುವ ದಿಲ್ಶಾದಬಿ ಅಂಗಳದಿಂದಲೇ ಕೂಗಿದಳು:

"ಮತ್ತ ಬಂದ್ರೇನ್ರಿ ಡಾಕ್ಟರಬಾಯಿ? ನಮ್ಮ ಆಡಿಂದು ಮೂಗು ಇನ್ನೂ ಒರಸೂದ ಮುಗೀಲಿಲ್ಲೇನು?"

"ಮುಗದಿತ್ತವ್ವಾ. ಸಾಹೇಬ್ರು ಮೈಕ್ ಹಚ್ಚಿದ್ರು."

ಇಷ್ಟರ ನಡುವೆ ಗಂಟು ಬ್ಯಾನಿ ಬಂತು. ಸರಕಾರಿ ಹೆಸರು ಚರ್ಮಗಂಟು ರೋಗ. ದನಕ್ಕೆ ಜ್ವರ, ಮೈತುಂಬ ಲಿಂಬೆಕಾಯಿಯಂಥ ಗಂಟು. ಗಂಟು ಒಡೆದು ಒಣಗಿ ಹಕ್ಕಳೆ ಉದುರುತ್ತದೆ. ಆ ಒಣ ಹಕ್ಕಳೆಯಲ್ಲೂ ವೈರಸ್ಸು ವಾರಗಟ್ಟಲೆ ಜೀವ ಹಿಡಿದಿರುತ್ತದೆ ಎಂದು ಮೇಡಂ ನನಗೆ ಹೇಳಿದ್ದರು. ನಾನು ಹೂಂ ಅಂದು ಗೇರ್ ಬದಲಿಸಿದ್ದೆ.

ಲಸಿಕೆ ಬಂತು. ಅದು ಆಡಿನ ಸಿಡುಬಿನ ಲಸಿಕೆ. ಎರಡೂ ಒಂದೇ ಕುಲದ ವೈರಸ್ಸು, ಹಾಗಾಗಿ ಅದನ್ನೇ ದನಕ್ಕೂ ಹಾಕುತ್ತಿದ್ದರು. ಅಕ್ಕಿಆಲೂರಿಗೆ ಹೋದಾಗ ಮೊದಲು ಹೊಕ್ಕದ್ದು ಫಕ್ಕೀರೇಶಪ್ಪನ ಕೊಟ್ಟಿಗೆ. ಅಕ್ಕಿ ಗಿರಣಿಯ ಯಜಮಾನ, ಚಂಡಮಾರುತದ ಧಣಿ, ನಮ್ಮ ಅಭಿಮಾನಿ ಬಳಗದ ಅಧ್ಯಕ್ಷ. ಹೋರಿ ಕತ್ತಲ ಕೊಟ್ಟಿಗೆಯಲ್ಲಿ ಝೂಲ ಹೊದ್ದು ನಿಂತಿತ್ತು. ಝೂಲ ಎಂದರೆ ಹೋರಿಯ ಬೆನ್ನಿಗೆ ಹೊದಿಸುವ ಮಖಮಲ್ಲಿನ ಬಟ್ಟೆ. ಕೆಂಪು ಬಣ್ಣ, ಅಂಚಿಗೆ ಜರಿ, ಮೈಗೆಲ್ಲ ಕನ್ನಡಿ ಚೂರು. ದೃಷ್ಟಿ ತಾಗುತ್ತದೆಂದು ಫಕ್ಕೀರೇಶಪ್ಪ ಅದನ್ನು ಎತ್ತಲು ಬಿಡಲಿಲ್ಲ.

"ಇದು ಯಾವ ಲಸಿಕಿರಿ?"

"ಆಡಿನ ಸಿಡುಬಿಂದು."

"ಆಡಿಂದು? ನಮ್ಮ ಹೋರಿಗೆ? ನಾಳಿ ಅಖಾಡದಾಗ ನಿಂತು ಮ್ಯಾ ಅಂದ್ರ ಯಾರ ಜವಾಬ್ದಾರಿ?"

ಸುತ್ತ ನಿಂತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಕೈಯಲ್ಲಿ ಲಸಿಕೆಯ ಡಬ್ಬಿ ಹಿಡಿದುಕೊಂಡು.

"ಅದು ಮ್ಯಾ ಅನ್ನೂದಿಲ್ಲರಿ" ಎಂದರು ಮೇಡಂ, "ಅದು ಮಲಗಿದ ದಿನ ನೀವ ಅಂತೀರಿ."

ದನದ ಸಂತೆ ಬಂದ್ ಆಯಿತು. ಹೋರಿ ಹಬ್ಬ ಮುಂದಕ್ಕೆ ಹೋಯಿತು. ಆದರೂ ಬ್ಯಾನಿ ನಿಲ್ಲಲಿಲ್ಲ, ಮತ್ತು ಅದು ಹೋಗುವ ದಾರಿ ಯಾರಿಗೂ ತಿಳಿಯಲಿಲ್ಲ. ಸವಣೂರಿನಲ್ಲಿ ಕಾಣಿಸಿತು, ನಡುವಿನ ಊರುಗಳನ್ನೆಲ್ಲ ಬಿಟ್ಟು ಹಿರೇಕೆರೂರಿನಾಚೆ ಒಂದು ಕೊಟ್ಟಿಗೆಯಲ್ಲಿ ಎದ್ದಿತು, ಅಲ್ಲಿಂದ ಹುಲಗೂರಿಗೆ ಹಾರಿತು. ಎಲ್ಲ ಕಡೆ ಮೊದಲು ಬಿದ್ದದ್ದು ಓಡುವ ಹೋರಿಗೆ, ಆಮೇಲೆ ಆ ಮನೆಯ ಆಕಳಿಗೆ, ಆಮೇಲೆ ಓಣಿಗೆ. ನಿರ್ದೇಶಕರು ಕಚ್ಚುವ ನೊಣದಿಂದ ಎಂದು ತೀರ್ಮಾನಿಸಿ ವರದಿ ಬರೆದಿಟ್ಟಿದ್ದರು. ಹೋರಿಗೇ ಮೊದಲು ಯಾಕೆ ಎಂದರೆ, ಹೋರಿಯ ಬೆವರು ನೊಣಕ್ಕೆ ಹೆಚ್ಚು ಇಷ್ಟ ಎಂದರು.

"ನೊಣ ಓಣಿಯೊಳಗ ಹಬ್ಬಸತೈತ್ರಿ ಸರ್, ಖರೆ" ಎಂದು ಮೇಡಂ ಫೋನಿನಲ್ಲಿ ಕೇಳುತ್ತಿದ್ದರು. "ಸವಣೂರಿನ ನೊಣ ಹಿರೇಕೆರೂರಿಗೆ ಬಸ್ ಹತ್ತಿ ಹೋತೇನ್ರಿ? ಹೋದ್ರೂ ಬಸ್ ಸ್ಟ್ಯಾಂಡಿನ ಬಾಜೂಕಿನ ದನ ಬಿಟ್ಟು ವಿಳಾಸ ಕೇಳ್ಕೋತ ಹೋರಿ ಮನಿಗ ಹೋತೇನ್ರಿ?"

ಆ ಕಡೆಯಿಂದ ಫೋನ್ ಇಟ್ಟರು. ಹೀಗೆ ನಾಲ್ಕು ತಾಲ್ಲೂಕು ಅಲೆದು ಬೂಟು ಸವೆಸುತ್ತಿದ್ದಾಗ ಮಾಲತೇಶನ ಫೋನ್ ಬಂತು. ಜೀಪಿನ ಸದ್ದಿನಲ್ಲೂ ಅವನ ದನಿ ನನಗೆ ಕೇಳಿಸಿತು.

"ಅಕ್ಕಾ, ಝೂಲ ಬರಾಕತ್ತೇತಿ! ನಮ್ಮ ಮನಿಗೆ! ನಾಳಿ ಮಧ್ಯಾಹ್ನ!"

ನಾನು ಬ್ರೇಕ್ ಒತ್ತಿದೆ. ಇದು ಏನೆಂದು ಹೋರಿಯ ಹುಚ್ಚಿಲ್ಲದವರಿಗೆ ಹೇಳಬೇಕು. ಹಿಂದಿನ ಹಬ್ಬದಲ್ಲಿ ಗೆದ್ದ ಹೋರಿಯ ಝೂಲವನ್ನು ಮುಂದೆ ಓಡುವ ಒಳ್ಳೆಯ ಹೋರಿಗಳ ಮನೆಗೆ ಮೆರವಣಿಗೆಯಲ್ಲಿ ಒಯ್ದು, ಒಂದು ರಾತ್ರಿ ಅವುಗಳ ಬೆನ್ನಿಗೆ ಹೊದಿಸುವ ಪದ್ಧತಿ ನಮ್ಮ ಬಳಗದ್ದು. ಗೆದ್ದದ್ದರ ಬಿರುಸು ಹೊದ್ದದ್ದಕ್ಕೆ ಇಳಿಯುತ್ತದೆಂಬ ನಂಬಿಕೆ. ಹಬ್ಬ ನಿಂತರೂ ಝೂಲ ನಿಲ್ಲಬಾರದು ಎಂದು ಆ ವರ್ಷ ಬಳಗ ಠರಾವು ಮಾಡಿತ್ತು. ಅದು ಎಲ್ಲರ ಮನೆಗೂ ಹೋಗುವುದಿಲ್ಲ. ಮಾಲತೇಶನ ಓಣಿಗೆ ಎಂದೂ ಹೋದದ್ದಿಲ್ಲ; ಕೇಳಿದರೆ "ಪದ್ಧತಿ ಐತಿ" ಎಂಬ ಎರಡೇ ಮಾತು. ಆದರೆ ಮಾಲತೇಶನ ಹೋರಿ 'ಬೆಂಡಿಗೇರಿ ಬಿಜಲಿ' ಅಭ್ಯಾಸದ ಓಟದಲ್ಲಿ ಯಾರಿಗೂ ಮೈ ಮುಟ್ಟಗೊಡುತ್ತಿರಲಿಲ್ಲ. ಇನ್ನು ಅದನ್ನು ಬಿಟ್ಟರೆ ಬಳಗಕ್ಕೇ ಅವಮಾನ.

"ನಸೀಬರಿ ಮೇಡಂ!" ಎಂದೆ ನಾನು. ಮೇಡಂ ಕೂಡ ನಕ್ಕರು. ಅವರು ವ್ಯಂಗ್ಯವಿಲ್ಲದೆ ನಕ್ಕದ್ದನ್ನು ಅವತ್ತೇ ನಾನು ಕಂಡದ್ದು.

ಮರುದಿನ ನಾವು ಹೋದಾಗ ಓಣಿಗೆಲ್ಲ ತೋರಣ ಕಟ್ಟಿ, ಸ್ಪೀಕರ್ ಹಚ್ಚಿದ್ದರು. ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ತಾಮ್ರದ ಹಂಡೆ ಕುದಿಯುತ್ತಿತ್ತು. ಅದು ಮೇಡಂಗೆ. ದನ ಮುಟ್ಟಿ ಬಂದ ಮೊಮ್ಮಗಳು ತಟ್ಟಿಮರೆಯಲ್ಲಿ ಸ್ನಾನ ಮಾಡಿಯೇ ಹೊಸ್ತಿಲು ದಾಟಬೇಕು ಎಂಬುದು ಆಯಿಯ ಕಾನೂನು. ದೇಶದ ದೊಡ್ಡ ಪ್ರಯೋಗಾಲಯಗಳಲ್ಲೂ ಇದೇ ಕಾನೂನು ಇದೆಯಂತೆ, ಆದರೆ ಅಲ್ಲಿ ಯಾರೂ ಪಾಲಿಸುವುದಿಲ್ಲ ಎಂದು ಮೇಡಂ ಹೇಳುತ್ತಿದ್ದರು.

ಬೈಕುಗಳ ಹಾರ್ನ್ ಕೇಳಿಸಿತು. ಫಕ್ಕೀರೇಶಪ್ಪ ಬಂದ, ಕೈಯಲ್ಲಿ ಮಡಚಿದ ಚಂಡಮಾರುತದ ಝೂಲ. ನಾನು ಓಡಿ ಹೋಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಮಾಲತೇಶ ಕುರ್ಚಿ ಹಾಕಿದ.

"ಕುಂತ್ಕೋರಿ ಅಣ್ಣಾರ. ಚಾ ತಗೊಳ್ರಿ."

"ಈಗಷ್ಟ ಕುಡದೇನಪಾ. ನಿಂತ ಹೋಗ್ತೇನಿ." ಚಹಾದ ಲೋಟದತ್ತ ಅವನು ನೋಡಲೂ ಇಲ್ಲ. ಝೂಲ ಬಿಡಿಸುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದ: "ಮಾಲತೇಶಾ, ಇದು ಸಣ್ಣ ಮಾತಲ್ಲ. ಇದು ಮದಲು ಹೋಗಿದ್ದು ಸವಣೂರಿಗೆ, ಬಜಾರದಾಗ ಮೆರವಣಿಗಿ ಆತು. ಅಲ್ಲಿಂದ ಹಿರೇಕೆರೂರಿನ ಕಡೆ. ಆಮ್ಯಾಲೆ ಹುಲಗೂರು. ಈಗ ನಿನ್ನ ಮನಿ. ಯಾರ ಯಾರ ಪಂಕ್ತಿಯಾಗ ಕುಂತಿ ನೋಡು."

ನನಗೆ ಇನ್ನೂ ರೋಮಾಂಚನವೇ. ಇವನು ಹೇಳಿದ ಊರುಗಳಿಗೆಲ್ಲ ಅದೇ ಸಾಲಿನಲ್ಲಿ ಜೀಪು ಓಡಿಸಿದವನು ನಾನು. ಆದರೂ ತಲೆಗೆ ಹತ್ತಲಿಲ್ಲ. ಹತ್ತಿದ್ದು ಮೇಡಂಗೆ. ತಟ್ಟಿಮರೆಗೆ ಹೊರಟವರು ಹಿಂದೆ ತಿರುಗಿ ಬಂದು ಫಕ್ಕೀರೇಶಪ್ಪನ ಕೈಯಿಂದ ಝೂಲ ತೆಗೆದುಕೊಂಡು ಮಗ್ಗುಲು ಬದಲಿಸಿದರು. ಮೇಲೆ ಕನ್ನಡಿ ಮಿಂಚುತ್ತಿತ್ತು. ಒಳಗಿನ ಅಸ್ತರಿನಲ್ಲಿ ಬೆವರಿನ ಕಲೆ, ಬಿಳಿ ಕೂದಲು, ಕಂದು ಕೂದಲು, ಅದರ ನಡುವೆ ಒಣಗಿ ಹಿಡಿದ ಹಕ್ಕಳೆಗಳು.

"ಚಂಡಮಾರುತಕ್ಕ ಗಂಟು ಎದ್ದಿದ್ವು, ಹೌದಿಲ್ಲೋ?" ಎಂದರು ಮೇಡಂ. "ಅದಕ್ಕ ಅವತ್ತು ಎತ್ತಾಕ ಬಿಡಲಿಲ್ಲ."

"ಹೀಟಿನ ಗುಳ್ಳಿರಿ ಅವು. ಹೋದ್ವು."

"ಹೋಗಿಲ್ಲ. ಸವಣೂರಿಗೆ ಹೋಗ್ಯಾವ. ನಿಮ್ಮ ಮೆರವಣಿಗಿ ಹಿಂದ."

ಸ್ಪೀಕರ್ ಯಾರೋ ನಿಲ್ಲಿಸಿದರು. ಬಿಜಲಿಗೆ ಮೇಡಂ ಲಸಿಕೆ ಹಾಕಿದ್ದು ಹಿಂದಿನ ವಾರ. ಅದು ಮೈಗೆ ಹತ್ತಲು ಇನ್ನೂ ದಿನ ಬೇಕಿತ್ತು. ಈ ಬಟ್ಟೆ ಇವತ್ತು ಅದರ ಬೆನ್ನಿಗೆ ಬಿದ್ದರೆ ಹೋರಿಯ ಗತಿ ಏನೆಂದು ನಮಗಿಬ್ಬರಿಗೂ ಗೊತ್ತು. ಬೀಳದಿದ್ದರೆ, ಈ ಓಣಿಗೆ ಮೊದಲ ಸಲ ಬಂದ ಝೂಲವನ್ನು ಈ ಓಣಿಯ ಮಗಳೇ ಹಿಂದೆ ಕಳಿಸಿದಂತೆ.

ಮಾಲತೇಶನ ಮುಖ ಸಣ್ಣದಾಯಿತು. "ಅಕ್ಕಾ, ಇವತ್ತೊಂದ ದಿನ ಸುಮ್ನಿರು."

"ಮಾಲತೇಶ, ಇದು ಸನ್ಮಾನ ಅಲ್ಲೋ. ಬ್ಯಾನಿ."

"ನಿನಗ ಎಲ್ಲಾದ್ರಾಗೂ ಬ್ಯಾನಿನ ಕಾಣತೈತಿ. ಮಂದಿ ನಮ್ಮ ಅಂಗಳಕ್ಕ ಬಂದು ನಿಂತಾರಲ್ಲ, ಅದು ಕಾಣೂದಿಲ್ಲ. ಅಜ್ಜನ ಕಾಲದಾಗ ಓಣಿ ತುದಿಗೆ ನಿಂತು ಕೂಗತಿದ್ರು."

ನಿರ್ದೇಶಕರಿಗೆ, ಕಟ್ಟೆಯವರಿಗೆ, ಫಕ್ಕೀರೇಶಪ್ಪನಿಗೆ ಮಾತಿನಲ್ಲೇ ಉತ್ತರ ಕೊಡುತ್ತಿದ್ದ ಮೇಡಂ, ತಮ್ಮನಿಗೆ ಝೂಲದ ಒಳಮಗ್ಗುಲು ತಿರುಗಿಸಿ ತೋರಿಸಿದರು. ಫಕ್ಕೀರೇಶಪ್ಪ ಅವಕಾಶ ಬಿಡಲಿಲ್ಲ.

"ನೋಡ್ರಿ ಬಾಯಾರ, ನಿಮ್ಮ ಓಣಿಗೆ ತಂದಿದ್ದ ದೊಡ್ಡದು. ಬಳಗದಾಗ ಎಷ್ಟ ಮಂದಿ ಬ್ಯಾಡ ಅಂದ್ರು ಗೊತ್ತೇನು? ಬ್ಯಾಡಂದ್ರ ಇನ್ನೊಮ್ಮೆ ಬರೂದಿಲ್ಲ ಇದು."

ಒಲೆಯ ಹತ್ತಿರ ಕೂತಿದ್ದ ಆಯಿ ಎದ್ದಳು. "ತಾ ಇಲ್ಲೆ" ಎಂದು ಮೊಮ್ಮಗಳ ಕೈಯಿಂದ ಝೂಲ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು ಒಳಮಗ್ಗುಲು ನೋಡಿದಳು. ಮೂಸಿದಳು.

"ಇಷ್ಟು ಮನಿ ಹೋರಿ ಹೊದ್ದು, ಬೆವತು, ಹಕ್ಕಳಿ ಉದರಿಸಿದ್ದನ್ನ ಸನ್ಮಾನ ಅಂತ ತಂದಿ?"

"ಅದು ಗೆದ್ದ ಹೋರಿದಬೇ."

"ಯಾರದರ ಇರವಲ್ದ್ಯಾಕ. ದೊಡ್ಡ ಮನಿಯವರ ಹಳೇ ಸೀರಿ ಉಟ್ಟ ಉಟ್ಟ ಅರ್ಧಾ ಆಯುಷ್ಯ ಕಳದೇನಿ ನಾ. ಅವರೂ ಹಿಂಗ ಕೊಡತಿದ್ರು, ದೊಡ್ಡ ಮಾತು ಆಡಿ, ದೂರ ನಿಂತು. ಮಂದಿ ಉಟ್ಟು ಬಿಟ್ಟದ್ದು ಉಡೂದು ನನಗ ಸಾಕಾತು. ನನ್ನ ಹೋರಿಗೆ ಬ್ಯಾಡ." ಮೊಮ್ಮಗಳ ಕಡೆ ತಿರುಗಿ ಕೇಳಿದಳು, "ಕುದಿಯೋ ನೀರಾಗ ಸಾಯತೈತೇನ ನಿನ್ನ ಹುಳ?"

"ಸಾಯತೈತಿ, ಆಯಿ. ತಡಿ, ಒಂದು ತುಂಡು."

ಮೇಡಂ ಕತ್ತರಿಯಿಂದ ಅಸ್ತರಿನ ಒಂದು ತುಂಡು ಕತ್ತರಿಸಿ ಸೀಸೆಗೆ ಹಾಕಿದರು. ನಾನು ಐಸ್ ಡಬ್ಬಿ ತೆರೆದು ಹಿಡಿದೆ.

"ಅಂಬರ್ಯಾ!" ಫಕ್ಕೀರೇಶಪ್ಪ ಗುಡುಗಿದ. "ನೀ ನಮ್ಮ ಬಳಗದಾಂವ ಅದಿಯೋ ಇಲ್ಲೋ?"

"ಬಳಗದಾಂವನ ಅದೇನಿರಿ ಅಧ್ಯಕ್ಷರ" ಎಂದೆ, ಎದೆಯ ಮೇಲಿನ ಹೋರಿಯ ಸಮೇತ. "ಆದ್ರ ಡಬ್ಬಿ ಬಿಡಾಕ ಬರಂಗಿಲ್ಲರಿ. ಐಸ್ ಕರಗತೈತಿ." ನನ್ನ ಜೀವನದಲ್ಲಿ ನಾನು ಆಡಿದ ಅತಿ ಧೈರ್ಯದ ಮಾತು ಇದು.

ಆಯಿ ಝೂಲವನ್ನು ಹಂಡೆಗೆ ಹಾಕಿ ಕೋಲಿನಿಂದ ಒತ್ತಿದಳು. ಕೆಂಪು ಬಣ್ಣ ನೀರಿಗೆ ಬಿಟ್ಟಿತು, ಜರಿ ಮುದುಡಿತು. ಬಹಳ ಹೊತ್ತಿನ ಮೇಲೆ ಅದನ್ನೆತ್ತಿ ಹಿಂಡಿ, "ತಗೋ, ಈಗ ಒಯ್ಯಿ. ಸ್ವಚ್ಛ ಆಗೇತಿ" ಎಂದು ಚಾಚಿದಳು. ಫಕ್ಕೀರೇಶಪ್ಪ ಕೈ ಹಿಂದೆ ಕಟ್ಟಿಕೊಂಡ. ಅಷ್ಟು ಕೊಟ್ಟಿಗೆ ಸುತ್ತಿ, ಕೀವು ಹಕ್ಕಳೆ ಹೊತ್ತು ಬಂದಾಗ ಅವನು ಎದೆಗವಚಿಕೊಂಡಿದ್ದ ಬಟ್ಟೆ, ಈ ಹಂಡೆಯಿಂದ ಎದ್ದ ಮೇಲೆ ಅವನಿಗೆ ಮುಟ್ಟಲಾರದ್ದಾಯಿತು.

"ನೀವ ಇಟ್ಕೋರಿ" ಎಂದು ಬೈಕ್ ಹತ್ತಿದ.

ಮಾಲತೇಶ ಆ ಚಾಚಿದ ಬಟ್ಟೆ ನೋಡಿದ, ಬೈಕ್ ಹೋದ ದಾರಿ ನೋಡಿದ. ಆಮೇಲೆ ತಣ್ಣಗಾಗಿದ್ದ ಚಹಾದ ಲೋಟವನ್ನು ಎತ್ತಿ ನನಗೆ ಕೊಟ್ಟ. "ಕುಡಿಯೋ ತಮ್ಮಾ. ನೀನರ ಕುಡಿ."

ಅಸ್ತರಿನ ತುಂಡಿನಲ್ಲಿ ಜೀವಂತ ವೈರಸ್ಸು ಸಿಕ್ಕಿತು. ಸವಣೂರಿನದೂ ಹಿರೇಕೆರೂರಿನದೂ ಅದೇ ತಳಿ. ಝೂಲ ಹಂಡೆ ಸೇರಿದ ಮೇಲೆ ಬ್ಯಾನಿ ಹೊಸ ಊರಿಗೆ ಹಾರಲಿಲ್ಲ. ನಿರ್ದೇಶಕರು ಪರದೇಶದಲ್ಲಿ ಇದನ್ನು ತಮ್ಮ ಶೋಧವೆಂದು ಮಂಡಿಸಿ ಬಂದರು. ಲೇಖನದಲ್ಲಿ ಮೇಡಂ ಹೆಸರು ಕೊನೆಗೆ, ನನ್ನದು ಎಲ್ಲೂ ಇಲ್ಲ. ಬಾಲ ಹಿಡಿದವರನ್ನು ವಿಜ್ಞಾನ ನೆನೆಯುವುದಿಲ್ಲ. ನೊಣದ ವರದಿಯನ್ನು ನಿರ್ದೇಶಕರು ಹಿಂದೆ ಪಡೆಯಲೂ ಇಲ್ಲ. ಈಗ ಎರಡಕ್ಕೂ ಅವರದೇ ಹೆಸರು.

ಬ್ಯಾನಿ ಇಳಿದ ಮೇಲೆ ಹಬ್ಬ ನಡೆಯಿತು. ಬಿಜಲಿ ಬರಿಬೆನ್ನಿನಲ್ಲಿ ಓಡಿತು. ಝೂಲ ಇಲ್ಲದ ಹೋರಿ ಎಂದು ಜನ ಸಿಳ್ಳೆ ಹೊಡೆದು ಗೇಲಿ ಮಾಡಿದರು. ಸಿಳ್ಳೆ ಮುಗಿಯುವ ಮೊದಲೇ ಅದು ಅವರನ್ನು ದಾಟಿತ್ತು. ಕೊಬ್ಬರಿ ಒಂದೂ ಹರಿಯಲಿಲ್ಲ.

ಮರುವಾರ ಅಕ್ಕಿಆಲೂರಿನಲ್ಲಿ ನಮ್ಮ ಜೀಪಿನ ಮುಂದೆ ಹೋರಿಗಳ ಸಾಲು. ಇಷ್ಟು ದಿನ ತಿಳಿಹೇಳಿ ಗಂಟಲು ಹರಿದುಕೊಂಡರೂ ಬಾರದ ಜನ ತಾವಾಗಿಯೇ ಬಂದಿದ್ದರು. ಸಾಲಿನಲ್ಲಿ ಫಕ್ಕೀರೇಶಪ್ಪನೂ ಇದ್ದ, ಟೋಪಿ ಕೆಳಗೆಳೆದುಕೊಂಡು.

"ಬಿಜಲಿಗೆ ಹಾಕಿದ್ರಲ್ಲ, ಆಡಿಂದು, ಅದ ಹಾಕ್ರಿ" ಎಂದು ಮೆಲ್ಲಗೆ ಹೇಳಿದ. "ಆಡಿನ ಚುರುಕು ಇಳಿತೈತಂತ. ನಮ್ಮದಕ್ಕ ಎರಡು ಹಾಕ್ರಿ."

ಮೇಡಂ ಸೂಜಿ ತುಂಬುತ್ತಾ ನನ್ನ ಕಡೆ ನೋಡಿದರು. ತಿದ್ದಬಹುದಿತ್ತು. ತಿದ್ದಲಿಲ್ಲ.

"ಒಂದ ಸಾಕ್ರಿ ಯಜಮಾನ್ರ. ಎರಡು ಹಾಕಿದ್ರ ಗ್ವಾಡಿ ಹತ್ತತೈತಿ."

ಕುದ್ದು ಕುಗ್ಗಿದ ಝೂಲ ಈಗ ನಮ್ಮ ಜೀಪಿನಲ್ಲಿದೆ. ಡ್ರೈವರ್ ಸೀಟು ಹರಿದಿತ್ತು, ಮೇಡಂ ತಂದು ಹೊದಿಸಿದರು. ಉಳಿದ ಕನ್ನಡಿ ಚೂರುಗಳು ಗುಂಡಿ ಬಂದಾಗಲೆಲ್ಲ ಚುಚ್ಚುತ್ತವೆ. ನಾನು ಹಾ ಅಂದಾಗಲೆಲ್ಲ ಅವರು ಕಿಟಕಿಯಾಚೆ ನೋಡುತ್ತಾ ಹೇಳುವುದು ಒಂದೇ:

"ಕಣ್ಣಿಗೆ ಒತ್ತಿಕೊಂಡಿದ್ದಿಯಲ್ಲಪಾ ಅವತ್ತು. ಕುಂಡಿಗೆ ಒತ್ತಿದ್ರ ಯಾಕ ಒದರತಿ?"